ಗಾಂವ್ಟಿ ಯಾವುದು, ಘಾಟಿ ಯಾವುದು: ಗೋವಾದ ಸಂತೆಯಲ್ಲಿ ವರ್ಷವಿಡೀ ಸ್ಥಳೀಯ ಬೆಳೆ ಕೊಳ್ಳುವ ಬಗೆ

ಗೋವಾಕ್ಕೆ ಬಂದ ಹೊಸತರಲ್ಲಿ ಒಂದು ಶುಕ್ರವಾರ ಮಾಪ್ಸಾದ ಸಂತೆಗೆ ಹೋಗಿದ್ದೆ. ಬದನೆಕಾಯಿ ರಾಶಿಯ ಎದುರು ಕುಕ್ಕರಗಾಲಲ್ಲಿ ಕೂತು, ಆಗಷ್ಟೇ ಕಲಿತಿದ್ದ ಒಂದೇ ಒಂದು ಕೊಂಕಣಿ ಶಬ್ದ ಬಳಸಿ "ಗಾಂವ್ಟಿ?" ಅಂತ ಕೇಳಿದೆ. ಮಾರುತ್ತಿದ್ದ ಹೆಂಗಸು ನನ್ನ ಮುಖ ನೋಡಿ ನಕ್ಕಳು.

"ಯಾವೂರ್ರೀ ಅಣ್ಣಾರ ನಿಮ್ದು?"

ಹಾವೇರಿ ಕಡೆ ಅಂದೆ.

"ಹಂಗಾರ ನಿಮಗ್ಯಾಕ ಸುಳ್ಳು ಹೇಳ್ಲಿ? ಇವು ರಾತ್ರಿ ಬೆಳಗಾವಿಯಿಂದ ಇಳದಾವ್ರಿ. ಗಾಂವ್ಟಿನಽ ಬೇಕಂದ್ರ ಅಗೋ, ಆ ಮೂಲ್ಯಾಗ ಬುಟ್ಟಿ ಇಟ್ಕೊಂಡು ಕುಂತಾಳಲ್ಲ ಮುದುಕಿ, ಆಕಿ ಹತ್ರ ಹೋಗ್ರಿ. ಲಗೂನ ಹೋಗ್ರಿ ಮತ್ತ, ಹತ್ತರ ಮ್ಯಾಲ ಆಕಿ ಇರೂದಿಲ್ಲ."

ಅವತ್ತು ನಾನು ಕಲಿತ ಮೂರು ಪಾಠಗಳ ಮೇಲೇ ಈ ಬರಹ ನಿಂತಿದೆ: ಶಬ್ದ ಗೊತ್ತಿರಬೇಕು, ಯಾರ ಹತ್ತಿರ ಕೇಳಬೇಕು ಗೊತ್ತಿರಬೇಕು, ಹೊತ್ತು ಗೊತ್ತಿರಬೇಕು. ಕೆಲಸಕ್ಕೆಂದು ಗೋವಾಕ್ಕೆ ಬಂದು ನೆಲೆಸಿದ ನಮ್ಮ ಕಡೆಯ ಕುಟುಂಬಗಳಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಆ ಶಬ್ದ

ಗಾಂವ್ಟಿ ಅಂದರೆ ಇಲ್ಲಿಯದೇ ಊರಿನಲ್ಲಿ ಬೆಳೆದದ್ದು. ಅದರ ಎದುರು ಶಬ್ದ ಘಾಟಿ, ಘಟ್ಟದ ಮೇಲಿಂದ ಇಳಿದು ಬಂದದ್ದು. ಈ ಎರಡನೆಯ ಶಬ್ದವನ್ನು ನಮ್ಮಂಥ ಮನುಷ್ಯರಿಗೂ ಹಚ್ಚುತ್ತಾರೆ, ಹಚ್ಚುವಾಗಿನ ದನಿ ಯಾವಾಗಲೂ ಚೆನ್ನಾಗಿರುವುದಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ, ಇಲ್ಲಿ ಕಾಯಿಪಲ್ಲೆ ಮಾತಷ್ಟೇ.

ಗೋವಾದ ವಿಸ್ತೀರ್ಣವೇ 3,702 ಚದರ ಕಿಲೋಮೀಟರ್. ಅದರಲ್ಲಿ ಕಾಡು, ಗುಡ್ಡ, ನದಿ, ಸಮುದ್ರದಂಡೆ ಕಳೆದರೆ ತರಕಾರಿಗೆ ಸಿಗುವ ನೆಲ ಕಡಿಮೆ. ಹಾಗಾಗಿ ದಿನದ ಟೊಮ್ಯಾಟೊ, ಎಲೆಕೋಸು, ಹೂಕೋಸು, ಗಜ್ಜರಿ, ಉಳ್ಳಾಗಡ್ಡಿ, ಬಟಾಟೆ ಎಲ್ಲ ಹೆಚ್ಚಾಗಿ ಬೆಳಗಾವಿ ದಾರಿಯಲ್ಲಿ ಬರುತ್ತವೆ. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲಿ ಗುಡ್ಡ ಕುಸಿದು ಲಾರಿ ನಿಂತವೆಂದರೆ ಪಣಜಿಯ ಹೋಟೆಲಿನ ಸಾಂಬಾರು ತೆಳ್ಳಗಾಗುತ್ತದೆ. ಗೋವಾ ತೋಟಗಾರಿಕಾ ನಿಗಮದ ಗೂಡಂಗಡಿಗಳಲ್ಲಿ ರಿಯಾಯಿತಿ ದರದ ತರಕಾರಿ ಸಿಗುತ್ತದೆ, ತಪ್ಪದೆ ಬಳಸಿಕೊಳ್ಳಿ. ಆದರೆ ಅಲ್ಲಿರುವುದರಲ್ಲೂ ಬಹಳಷ್ಟು ಘಟ್ಟದ ಮೇಲಿನದೇ.

ನನ್ನ ಲೆಕ್ಕ ಸರಳ. ಮೇಲೆ ಹೇಳಿದ ಆರನ್ನು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುತ್ತೇನೆ, ಗಾಂವ್ಟಿ ಹುಡುಕಲು ಹೋಗುವುದಿಲ್ಲ. ಬೆಳಗಾವಿಯ ಎಲೆಕೋಸು ನಮಗೇನು ಪರದೇಶದ್ದೇ? ಸೊಪ್ಪು, ಬದನೆ, ಬೆಂಡೆ, ಸೌತೆ, ಗೆಡ್ಡೆಗೆಣಸು, ಬಾಳೆ, ಮಾವು, ಕೋಕಂ, ಅಕ್ಕಿ, ಮೆಣಸಿನಕಾಯಿ: ಇವುಗಳಿಗೆ ಮಾತ್ರ ಗಾಂವ್ಟಿ ಹುಡುಕಿ. ರುಚಿಯ ವ್ಯತ್ಯಾಸ ನಾಲಿಗೆಗೆ ಗೊತ್ತಾಗುವುದು ಇವುಗಳಲ್ಲಿಯೇ.

ಸಂತೆಗೆ ಹೋಗುವುದು

ಮಾಪ್ಸಾದಲ್ಲಿ ಶುಕ್ರವಾರ, ಫೋಂಡಾ ದಾರಿಯ ಬಾಣಸ್ತಾರಿಯಲ್ಲಿ ಗುರುವಾರ ಸಂತೆ. ಮಡಗಾಂವ, ಪಣಜಿಗಳಲ್ಲಿ ಮಾರುಕಟ್ಟೆ ದಿನವೂ ಇರುತ್ತದೆ, ಆದರೆ ಹಳ್ಳಿಯ ಹೆಂಗಸರು ಬೆಳಿಗ್ಗೆಯೇ ಬಂದು ಹೋಗುತ್ತಾರೆ. ಏಳೂವರೆಗೆ ಅಲ್ಲಿರಿ. ಚೀಲ, ಚಿಲ್ಲರೆ, ಸೊಪ್ಪಿಗೆ ಒಂದು ಒದ್ದೆ ಬಟ್ಟೆ, ಇಷ್ಟು ಸಾಕು. ಐನೂರರ ನೋಟು ಹಿಡಿದು ಇಪ್ಪತ್ತು ರೂಪಾಯಿಯ ಸೊಪ್ಪು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಗಾಂವ್ಟಿ ಮಾರುವವರನ್ನು ಗುರುತಿಸಲು ಸರಕಿಗಿಂತ ಮೊದಲು ಅಂಗಡಿ ನೋಡಿ. ಒಂದೇ ಅಳತೆಯ ಒಂದೇ ಬಣ್ಣದ ಕಾಯಿ ಗೋಣಿಚೀಲದಿಂದ ಸುರಿಯುತ್ತಿದ್ದರೆ ಅದು ಲಾರಿಯಲ್ಲಿ ಬಂದದ್ದು. ಆರು ಸೌತೆಕಾಯಿ, ಒಂದು ಚಿಪ್ಪು ಬಾಳೆ, ಎರಡು ಹಿಡಿ ಸೊಪ್ಪು, ಪಕ್ಕದಲ್ಲಿ ನಾಲ್ಕು ನಿಂಬೆಹಣ್ಣು ಮತ್ತು ಒಂದು ಮಾಲೆ ಅಬ್ಬಲಿಗೆ ಇಟ್ಟುಕೊಂಡು ನೆಲದ ಮೇಲೆ ಕೂತವಳು ಹಿತ್ತಲಿನಿಂದ ಬಂದವಳು. ಸೊಪ್ಪಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಇದೆಯೋ ಬಾಳೆಪಟ್ಟೆಯ ನಾರಿದೆಯೋ ನೋಡಿ. ಕೆಂಪು ಹರಿವೆ, ಇಲ್ಲಿ ತಾಂಬ್ಡಿ ಭಾಜಿ, ಬೇರು ಮಣ್ಣು ಸಮೇತ ಇರಬೇಕು. ತಕ್ಕಡಿಯೂ ಒಂದು ಗುರುತು: ಹಳ್ಳಿಯವರು ತೂಗುವುದು ಕಡಿಮೆ, "ವಾಂಟೊ" ಲೆಕ್ಕದಲ್ಲಿ ಮಾರುತ್ತಾರೆ. ವಾಂಟೊ ಅಂದರೆ ಪಾಲು, ನಮ್ಮ ಕಡೆಯ ಗುಂಪಿಯ ಹಾಗೆ. ಒಂದು ವಾಂಟೊ ಕೊಂಡ ಮೇಲೆ ಎರಡು ಕಾಯಿ ಮೇಲೆ ಹಾಕಿರೆಂದು ಕೇಳಿದರೆ ತಪ್ಪೇನಿಲ್ಲ. ವಾಂಟೊವನ್ನೇ ಕೆದಕಿ ಆರಿಸತೊಡಗಿದರೆ ಮಾತ್ರ ಕೈಗೆ ಏಟು ಬೀಳುತ್ತದೆ. ನನಗೆ ಬಿದ್ದಿದೆ.

ಇನ್ನು ಕೇಳುವ ರೀತಿ. "ಗಾಂವ್ಟಿಯಾ?" ಅಂತ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು "ಹೆಂ ಖಂಯಚೆಂ?", ಇದು ಎಲ್ಲಿಯದು, ಅಂತ ಕೇಳಿ. ನಿಜವಾಗಿ ಬೆಳೆದವಳು ಊರಿನ ಹೆಸರು ಹೇಳುತ್ತಾಳೆ, ಜೊತೆಗೆ ಹಂದಿ ಎಷ್ಟು ತಿಂದಿತು, ಮಳೆ ಎಷ್ಟು ಹಾಳು ಮಾಡಿತು ಅನ್ನುವ ಪುರಾಣವನ್ನೂ ಹೇಳುತ್ತಾಳೆ. ವಯಸ್ಸಾದವರಾದರೆ "ಮಾಯ್" ಅಂತ ಕರೆಯಿರಿ.

ವರ್ಷ ಶುರುವಾಗುವುದು ಮೇ ತಿಂಗಳಲ್ಲಿ

ಗೋವಾದ ಅಡುಗೆಮನೆಗೆ ಹೊಸ ವರ್ಷ ಜನವರಿಯಲ್ಲಿ ಬರುವುದಿಲ್ಲ, ಮಳೆಗೆ ಮುಂಚಿನ ಸಂಗ್ರಹದಿಂದ ಬರುತ್ತದೆ. ಈ ಸಂಗ್ರಹಕ್ಕೆ "ಪುರುಮೆಂತ್" ಅನ್ನುತ್ತಾರೆ. ಒದಗಿಸಿಕೊಳ್ಳುವುದು ಎಂಬರ್ಥದ ಪೋರ್ಚುಗೀಸ್ ಶಬ್ದ 'ಪ್ರೊವಿಮೆಂತೊ' ಬಾಯಿಂದ ಬಾಯಿಗೆ ಹೀಗಾಗಿದೆ. ಈಸ್ಟರ್ ಕಳೆದು ಕೆಲ ವಾರಕ್ಕೆ ಮಾಪ್ಸಾದಲ್ಲಿ ಮಿಲಾಗ್ರಿಸ್ ಫೆಸ್ತ್, ಅಂದರೆ ಚರ್ಚಿನ ಹಬ್ಬ, ಆಮೇಲೆ ಮಡಗಾಂವದ ಹೋಲಿ ಸ್ಪಿರಿಟ್ ಚರ್ಚಿನ ಬಳಿ ಪುರುಮೆಂತಾಚೆಂ ಫೆಸ್ತ್. ಒಣಮೀನು, ಮೆಣಸಿನಕಾಯಿ, ಹುಣಸೆ, ಕೋಕಂ, ಉಪ್ಪು, ಜಡೆ ಹೆಣೆದ ಉಳ್ಳಾಗಡ್ಡಿ ಎಲ್ಲ ಒಂದೇ ಕಡೆ ಸಿಗುತ್ತವೆ. ಊರಲ್ಲಿ ಮುಂಗಾರಿಗೆ ಮುಂಚೆ ಅವ್ವ ಹಪ್ಪಳ, ಸಂಡಿಗೆ, ವರ್ಷದ ಖಾರ ಮಾಡಿಡುತ್ತಿದ್ದಳಲ್ಲ, ಅದೇ.

ಇಲ್ಲಿ ಏನು ಕೊಳ್ಳಬೇಕು?

ಕೋಕಂ. ನಮ್ಮ ಮಲೆನಾಡಿನವರ ಮುರುಗಲು, ಮಂಗಳೂರಿನವರ ಪುನರ್ಪುಳಿ, ಇಲ್ಲಿ ಸೋಲ್. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣು ಬಿಡಿಸಿ, ಸಿಪ್ಪೆಯನ್ನು ಉಪ್ಪು ಸೇರಿಸಿದ ಅದರದೇ ರಸದಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಮತ್ತೆ ಒಣಗಿಸಿ ಮಾಡುತ್ತಾರೆ. ಕೊಳ್ಳುವಾಗ ಒಂದು ತುಂಡು ಬೆರಳ ನಡುವೆ ಒತ್ತಿ ನೋಡಿ. ಮೆತ್ತಗಿದ್ದು ಸ್ವಲ್ಪ ಅಂಟಬೇಕು, ಬಣ್ಣ ಕಪ್ಪಿಗೆ ಹತ್ತಿರದ ನೇರಳೆ ಇರಬೇಕು. ನೀರು ಜಿನುಗುವಷ್ಟು ಒದ್ದೆಯಾಗಿದ್ದು ಉಪ್ಪು ಕಾಣುತ್ತಿದ್ದರೆ ನೀವು ದುಡ್ಡು ಕೊಡುತ್ತಿರುವುದು ಉಪ್ಪುನೀರಿನ ತೂಕಕ್ಕೆ. ಗಾಜಿನ ಬರಣಿಯಲ್ಲಿ ಒತ್ತಿ ತುಂಬಿ, ಸ್ಟೀಲ್ ಡಬ್ಬಿ ಬೇಡ. ನಾಲ್ಕು ಜನರ ಮನೆಗೆ ವರ್ಷಕ್ಕೆ ಒಂದು ಕಿಲೋ ಸಾಕು.

ಮೆಣಸಿನಕಾಯಿ. ಬ್ಯಾಡಗಿ ಪಕ್ಕದವನಾಗಿ ಹೇಳಬಾರದು, ಆದರೂ ಹೇಳುತ್ತೇನೆ: ಕಾಣಕೋಣದ ಖೋಲಾ ಮೆಣಸಿನಕಾಯಿ ಒಂದು ಸಲ ಮನೆಗೆ ತನ್ನಿ. ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಬೆಳೆಯುವ ಇದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಗುರುತು, ಇದೆ. ಕಡುಕೆಂಪು, ಖಾರ ಬ್ಯಾಡಗಿಗಿಂತ ಒಂದು ಕೈ ಹೆಚ್ಚು. ಬೆಳೆಯುವುದೇ ಸ್ವಲ್ಪವಾದ್ದರಿಂದ ತುಟ್ಟಿ. ಸಂತೆಯಲ್ಲಿ ಖೋಲಾ ಅಂತ ಬೇರೆ ಯಾವುದನ್ನೋ ಕೊಟ್ಟುಬಿಡುತ್ತಾರೆ, ಒಮ್ಮೆ ನನಗೆ ನಮ್ಮೂರ ಬ್ಯಾಡಗಿಯನ್ನೇ ಖೋಲಾ ಅಂತ ಮಾರಿದ್ದರು! ಸುಕ್ಕು ನೋಡಿ ಗುರುತು ಹಿಡಿಯಬಹುದು. ಬ್ಯಾಡಗಿ ಕಡ್ಡಿಗಾಯಿಯಷ್ಟು ಸುಕ್ಕು ಇನ್ನಾವುದಕ್ಕೂ ಇಲ್ಲ.

ಉಪ್ಪು. ಸಮುದ್ರದ ನೀರು ಕಟ್ಟಿ ಒಣಗಿಸುವ ಆಗರಗಳು ಇಲ್ಲಿ ಇನ್ನೂ ಕೆಲವು ಉಳಿದಿವೆ. ಬೂದು ಬಣ್ಣದ ದಪ್ಪ ಹರಳು. ಇದರಲ್ಲಿ ಅಯೋಡಿನ್ ಸೇರಿಸಿರುವುದಿಲ್ಲವಾದ್ದರಿಂದ ದಿನದ ಅಡುಗೆಗೆ ಪ್ಯಾಕೆಟ್ ಉಪ್ಪೇ ಇರಲಿ. ಉಪ್ಪಿನಕಾಯಿಗೆ, ಅಪ್ಪೆಮಿಡಿ ಭರಣಿಗೆ ಇದು.

ಮಳೆಗಾಲ: ದುಡ್ಡು ಕಡಿಮೆ, ಜಾಣತನ ಹೆಚ್ಚು ಬೇಕು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ನಾನು ಮೀನು ತಿನ್ನುವವನಲ್ಲ. ಪಕ್ಕದ ಮನೆಯವರು ಆ ಎರಡು ತಿಂಗಳು ಒಣಸೀಗಡಿ, ಹೊಳೆಮೀನು ನೆಚ್ಚುತ್ತಾರೆ, ಐಸಿನ ಮೀನಿನ ಕಡೆ ತಿರುಗಿಯೂ ನೋಡುವುದಿಲ್ಲ.

ಸಸ್ಯಾಹಾರಿಗೆ ಇದೇ ಸುಗ್ಗಿ. ಮೊದಲ ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೈಕಿಳೊ ಬರುತ್ತದೆ. ಮೊದಲ ವರ್ಷ ಎರಡು ಕಟ್ಟು ತಂದು ಹೆಮ್ಮೆಯಿಂದ ಅಡುಗೆಮನೆಯಲ್ಲಿ ಬಿಚ್ಚಿದೆ. ಊರಿಂದ ಬಂದಿದ್ದ ಅವ್ವ ಒಂದು ಎಲೆ ಎತ್ತಿ ನೋಡಿ, ಮೂಸಿ, ನನ್ನ ಕಡೆ ತಿರುಗಿದಳು. "ಇದು ತಗಚಿ ಅಲ್ಲೇನೋ? ಇದಕ್ಕ ರೊಕ್ಕ ಕೊಟ್ಟು ಬಂದ್ಯಾ? ನಮ್ಮ ಬಣವಿ ಹಿಂದ ದನಾನೂ ಮುಟ್ಟೂದಿಲ್ಲ ಇದನ್ನ!" ಹೌದು, ರಸ್ತೆ ಬದಿ ಬೆಳೆಯುವ ತಗಚೆಯೇ, ದಕ್ಷಿಣ ಕನ್ನಡದವರ ಚಗಟೆ. ಗೋವಾದವರು ಚಿಗುರೆಲೆ ಮಾತ್ರ ಬಿಡಿಸಿ, ಸಣ್ಣಗೆ ಹೆಚ್ಚಿ, ಹಲಸಿನ ಬೀಜ ಮತ್ತು ಕಾಯಿತುರಿ ಹಾಕಿ ಪಲ್ಯ ಮಾಡುತ್ತಾರೆ. ಹೂವು ಬಿಡುವ ಹೊತ್ತಿಗೆ ಎಲೆ ಒರಟಾಗಿ ಕಹಿಯಾಗುತ್ತದೆ, ಜುಲೈ ಮಧ್ಯದ ಮೇಲೆ ಕೊಳ್ಳಬೇಡಿ. ಅವ್ವ ಅವತ್ತು ಎರಡು ಸಲ ಹಾಕಿಸಿಕೊಂಡಳು, ಬಾಯಿಬಿಟ್ಟು ಏನೂ ಹೇಳಲಿಲ್ಲ.

ಕೆಸುವಿನ ವಿಷಯದಲ್ಲಿ ಮಾತ್ರ ಹುಷಾರು. ಇಲ್ಲಿ ಇದಕ್ಕೆ ತೆರೆಂ ಅಥವಾ ಅಳು ಅನ್ನುತ್ತಾರೆ. ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲಿಗೆ ಚುಚ್ಚುವುದು ಅವೇ. ಪಾಲಕದ ಹಾಗೆ ಬೇಳೆಗೆ ಹಾಕಿ ಎರಡು ಸೀಟಿ ಕೂಗಿಸಿ ನಾನು ಉಂಡೆ, ಆಮೇಲೆ ರಾತ್ರಿಯೆಲ್ಲ ಬೆಲ್ಲ ಚೀಪುತ್ತ ಕೂತೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೆಚ್ಚಬೇಕು, ಚೆನ್ನಾಗಿ ಬೇಯಿಸಬೇಕು, ಹುಣಸೆ ಅಥವಾ ಕೋಕಂ ಹುಳಿ ಧಾರಾಳವಾಗಿ ಬೀಳಬೇಕು. ಗೋವಾದಲ್ಲಿ ಇದಕ್ಕೆ ಅಂಬಾಡೆ, ನಮ್ಮ ಅಮಟೆಕಾಯಿ, ಜಜ್ಜಿ ಹಾಕುತ್ತಾರೆ. ಎರಡೂ ಒಂದೇ ಕಾಲಕ್ಕೆ ಒಂದೇ ಬುಟ್ಟಿಯಲ್ಲಿ ಬರುತ್ತವೆ, ಜೋಡಿಯಾಗಿಯೇ ಕೊಳ್ಳಿ.

ಕಳಲೆ, ಅಂದರೆ ಎಳೆ ಬಿದಿರು, ಇಲ್ಲಿ ಕಿಲ್ಲ್. ಹಸಿಯಾಗಿ ತಿನ್ನುವಂತಿಲ್ಲ, ಸಯನೈಡ್ ಬಿಡುವ ಅಂಶ ಅದರಲ್ಲಿದೆ. ತೆಳ್ಳಗೆ ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಿಸುತ್ತ ಒಂದೆರಡು ದಿನ ಇಟ್ಟು, ಬೇಯಿಸಿ ಆ ನೀರನ್ನೂ ಚೆಲ್ಲಿ. ಮಡಹಾಗಲ ಇಲ್ಲಿ ಫಾಗ್ಲಾಂ, ರವೆಯಲ್ಲಿ ಹೊರಳಿಸಿ ಕರಿದರೆ ಮಕ್ಕಳೂ ತಿನ್ನುತ್ತಾರೆ.

ಅಳಂಬಿ. ಹುತ್ತದ ಮೇಲೆ ಏಳುವ ಕಾಡು ಅಣಬೆ. ಜುಲೈ ಆಗಸ್ಟಿನಲ್ಲಿ ರಸ್ತೆ ಬದಿ ಎಲೆಯಲ್ಲಿ ಸುತ್ತಿಟ್ಟು ಎಣಿಸಿ ಮಾರುತ್ತಾರೆ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ವರ್ಷಕ್ಕೆ ಒಂದು ಸಲ ತಿನ್ನಲು ಅಡ್ಡಿಯಿಲ್ಲ. ವರ್ಷವೂ ಅದೇ ಜಾಗದಲ್ಲಿ ಕೂರುವವರ ಹತ್ತಿರ ಮಾತ್ರ ಕೊಳ್ಳಿ, ಮೊಗ್ಗು ಬಿರಿಯದ್ದನ್ನೇ ಆರಿಸಿ, ಅವತ್ತೇ ಬೇಯಿಸಿ. ಗುಡ್ಡಕ್ಕೆ ಹೋಗಿ ಸ್ವಂತ ಕಿತ್ತು ತರುವ ಉತ್ಸಾಹ ಬೇಡ: ವಿಷದ ಅಣಬೆ ಗುರುತಿಸುವುದು ಫೋಟೊ ನೋಡಿ ಬರುವ ವಿದ್ಯೆಯಲ್ಲ, ಅಭಯಾರಣ್ಯದೊಳಗೆ ಕೀಳುವುದು ಅಪರಾಧವೂ ಹೌದು.

ಇದೇ ಹೊತ್ತಿಗೆ ಗುಡ್ಡದ ಬೆಳೆ ಶುರು. ತವಶೆಂ ಅಂದರೆ ಇಲ್ಲಿಯ ದಪ್ಪ ಸೌತೆ. ಜುಲೈ ಕೊನೆಗೆ ತಳಾವ್ಲಿಯ ಸಾಂತ್ ಆನ್ ಚರ್ಚಿನಲ್ಲಿ ಸೌತೆಕಾಯಿಯದೇ ಹಬ್ಬವಿದೆ, ಮಗು ಬೇಕೆಂದು ಹರಕೆ ಹೊತ್ತವರು ಸೌತೆಕಾಯಿ ಒಪ್ಪಿಸುತ್ತಾರೆ. ಎಳೆಯದು ಹಸಿಯಾಗಿ ತಿನ್ನಲು, ಬಲಿತು ಹಳದಿಯಾದದ್ದು ಬೆಲ್ಲ ರವೆ ಹಾಕಿ ಮಾಡುವ ತವಸಳಿಗೆ. ಇನ್ನು "ಸಾತ್ ಶಿರೊ ಭೆಂಡೊ", ಏಳು ಏಣಿನ ಬೆಂಡೆ. ಸಾಮಾನ್ಯ ಬೆಂಡೆಗೆ ಐದು ಏಣು. ಸಂದೇಹ ಬಂದರೆ ಮಾರುವವಳ ಎದುರೇ ಬೆರಳಿಟ್ಟು ಎಣಿಸಿ, ಯಾರೂ ಬೇಡವೆನ್ನುವುದಿಲ್ಲ. ಗೇಣುದ್ದ ಬೆಳೆದರೂ ನಾರಾಗದಿರುವುದೇ ಇದರ ಹೆಚ್ಚುಗಾರಿಕೆ. ತುದಿ ಮುರಿದಾಗ 'ಟಕ್' ಎನ್ನಬೇಕು.

ಚವತಿ

ಗಣಪತಿಯ ಮೇಲೆ ಕಟ್ಟುವ ಮಾಟೊಳಿಗೆ ಬೇಕಾದ ಕಾಡುಹಣ್ಣು, ಕಾಯಿ, ಅಡಿಕೆ ಗೊನೆ, ಚಕೋತಗಳ ಸಂತೆ ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ಮಾಪ್ಸಾ, ಫೋಂಡಾ, ಡಿಚೋಲಿಗಳಲ್ಲಿ ನೆರೆಯುತ್ತದೆ. ಅಂಕೋಲಾ ಕಾರವಾರದವರಿಗೆ ಇದು ಫಲಾವಳಿ, ಹೇಳಿಕೊಡಬೇಕಾಗಿಲ್ಲ. ನಮ್ಮಂಥ ಬಯಲುಸೀಮೆಯವರು ಒಂದು ಸಲವಾದರೂ ಹೋಗಿ ಸುಮ್ಮನೆ ನೋಡಬೇಕು. ಎಚ್ಚರಿಕೆ ಒಂದೇ: ತೂಗುಹಾಕುವುದೆಲ್ಲ ತಿನ್ನುವುದಲ್ಲ. ಕೆಂಪಗೆ ಚೆಂಡಿನಂತಿರುವ ಕೌಂಡಾಳ ಕಣ್ಣಿಗೆ ಮಾತ್ರ.

ಬೆಲೆಯೆಲ್ಲ ಈ ವಾರ ಏರಿರುತ್ತದೆ. ಹೇಗೂ ಶ್ರಾವಣದಲ್ಲಿ ಇಲ್ಲಿಯ ಹಿಂದೂ ಮನೆಗಳಲ್ಲಿ ಮೀನಿಲ್ಲ, ಗಾಂವ್ಟಿ ಕಾಯಿಪಲ್ಲೆಗೆ ನೂಕುನುಗ್ಗಲು. ಬಗೆಬಗೆಯ ತರಕಾರಿ ಹಾಕಿ ಮಾಡುವ ಖತಖತೆಗೆ ಬೇಕಾದ ತಿರ್ಫಳ, ಮಲೆನಾಡಿನವರ ಜುಮ್ಮನಕಾಯಿ, ಇದೇ ಸುಮಾರಿಗೆ ಹಸಿಯಾಗಿ ಬರುತ್ತದೆ. ತಂದು ನೆರಳಲ್ಲಿ ಒಣಗಿಸಿ, ಬಿರಿದ ಮೇಲೆ ಒಳಗಿನ ಕರಿ ಬೀಜ ತೆಗೆದೆಸೆದು ಸಿಪ್ಪೆ ಮಾತ್ರ ಇಟ್ಟುಕೊಳ್ಳಿ. ತೊಗರಿಬೇಳೆ ಸಾರಿಗೆ ನಾಲ್ಕು ಜಜ್ಜಿ ಹಾಕಿದರೆ ಮನೆಯ ತುಂಬ ವಾಸನೆ.

ಕೊಯ್ಲಿನಿಂದ ಚಳಿಗಾಲ

ಅಕ್ಟೋಬರಿಗೆ ಭತ್ತದ ಕೊಯ್ಲು. ಉಕಡೆ ಅಕ್ಕಿ ಅಂದರೆ ಕುಚ್ಚಲಕ್ಕಿ. ರೊಟ್ಟಿ ತಿಂದು ಬೆಳೆದವನಿಗೆ ಮೊದಲು ಸೇರಲಿಲ್ಲ, ಈಗ ಹನ್ನೊಂದು ಗಂಟೆಯ ಪೇಜ್, ಅಂದರೆ ಗಂಜಿ, ಇಲ್ಲದೆ ರಜಾದಿನ ಸಾಗುವುದಿಲ್ಲ. ಹಿಂದಿನ ರಾತ್ರಿ ನೆನೆಸಿಟ್ಟರೆ ಗ್ಯಾಸ್ ಉಳಿಯುತ್ತದೆ. ಹಿನ್ನೀರಿನ ಖಾಜನ್ ಗದ್ದೆಗಳ ಉಪ್ಪುಮಣ್ಣು ತಡೆದು ಬೆಳೆಯುವ ಕೊರಗುಟ್ ಅಕ್ಕಿ ಸಿಕ್ಕರೆ ಬಿಡಬೇಡಿ. ಬಾಗಾಯತದಾರ್ ಸಹಕಾರಿ ಅಂಗಡಿಗಳಲ್ಲಿ ಸ್ಥಳೀಯ ಸರಕಿಗೆ ಒಮ್ಮೆ ವಿಚಾರಿಸಿ.

ಡಿಸೆಂಬರ್ ಬಂತೆಂದರೆ ಆಗಶಿಯ ಬದನೆ. ದೊಡ್ಡದು, ಸಿಪ್ಪೆ ತೆಳು, ಬೀಜ ಕಡಿಮೆ. ಇದಕ್ಕೂ ಜಿಐ ಗುರುತಿದೆ. ಇದರಲ್ಲಿ ಎಣಗಾಯಿ ಮಾಡಲು ಹೋಗಬೇಡಿ, ಮಸಾಲೆ ಹಿಡಿಯುವ ಮೊದಲೇ ಕರಗಿ ಕೂರುತ್ತದೆ. ಎಣಗಾಯಿಗೆ ಬೆಳಗಾವಿಯ ಸಣ್ಣ ಮುಳ್ಳುಬದನೆಯೇ ಸರಿ. ಆಗಶಿಯದನ್ನು ಕೆಂಡದ ಮೇಲೆ ಸುಟ್ಟು, ಹಸಿಮೆಣಸು, ಕಾಯಿ, ಸ್ವಲ್ಪ ಹುಳಿ ಹಾಕಿ ಕಿವುಚಿ. ಕಾಯಿ ಆರಿಸುವಾಗ ಎರಡನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ, ಒಂದೇ ಗಾತ್ರದಲ್ಲಿ ಹಗುರವಾದದ್ದು ನಿಮ್ಮದು.

ಈ ತಿಂಗಳುಗಳಲ್ಲಿ ಕೆಂಪು ಹರಿವೆ, ಉದ್ದ ಮೂಲಂಗಿ, ಸಿಹಿಗೆಣಸು, ಅಲಸಂದೆ (ಹೆಸರೂ ನಮ್ಮದೇ), ಬಾಳೆಯಲ್ಲಿ ರಸಬಾಳಿ ಮತ್ತು ಸಾಲ್ದಾಟಿ. ಬ್ರೆಡ್ ಮಾರುವ ಪೊದೆರನ ಸೈಕಲ್ ಹಾರ್ನ್ ಕೇಳಿದರೆ ಪೊಯಿ, ಅಂದರೆ ಬೂಸಾ ಹಚ್ಚಿದ ಬ್ರೆಡ್, ಎರಡು ಕೊಂಡುಬಿಡಿ, ಪಲ್ಯಕ್ಕೆ ಜೋಡಿ. ಪೊಯಿ ಗಾಂವ್ಟಿಯೇ ಅಂತ ಎಲ್ಲರೂ ಆಣೆ ಮಾಡುತ್ತಾರೆ. ಗೋಧಿ ಇಲ್ಲಿ ಎಲ್ಲಿ ಬೆಳೆಯುತ್ತದೆಂದು ಕೇಳಿ ಅವರ ಮನಸ್ಸು ನೋಯಿಸಬೇಡಿ.

ಗೇರು, ಮಾವು

ಫೆಬ್ರುವರಿಯಿಂದ ಹಸಿ ಗೋಡಂಬಿ, ನೂರರ ಲೆಕ್ಕದಲ್ಲಿ ಮಾರುತ್ತಾರೆ. ಬಿಸಿನೀರಿನಲ್ಲಿ ನೆನೆಸಿದರೆ ಒಳಸಿಪ್ಪೆ ಸುಲಿಯಲು ಬರುತ್ತದೆ. ಹೊರಚಿಪ್ಪಿನ ಸೊನೆ ಚರ್ಮ ಸುಡುವಂಥದು, ಆದ್ದರಿಂದ ಬಿಡಿಸಿದ್ದನ್ನೇ ಕೊಳ್ಳಿ. ಗೇರುಹಣ್ಣಿನ ರಸದ ಮೊದಲ ಭಟ್ಟಿ ಹುರಾಕ್, ಬೇಸಗೆ ಮುಗಿದರೆ ಸಿಗದು. ಮತ್ತೆ ಭಟ್ಟಿ ಇಳಿಸಿದರೆ ಫೆನಿ, ಅದಕ್ಕೆ 2009ರಲ್ಲೇ ಜಿಐ ಸಿಕ್ಕಿದೆ. ಬಲ್ಲವರಿಗೆ ಇಷ್ಟು ಸಾಕು.

ಮಾವೆಂದರೆ ಗೋವಾದಲ್ಲಿ ಮಾನ್ಕುರಾದ್. ಬಣ್ಣ ಸರಿಯಿಲ್ಲ ಎಂಬರ್ಥದ ಪೋರ್ಚುಗೀಸ್ 'ಮಲ್‌ಕೊರಾದ'ದಿಂದ ಬಂದ ಹೆಸರು. ಆಪೂಸಿನ ಮುಂದೆ ಇಟ್ಟರೆ ಬಡಪಾಯಿಯಂತೆ ಕಾಣುತ್ತದೆ, ಕೊಯ್ದರೆ ನಾರೇ ಇಲ್ಲ. ಋತುವಿನ ಮೊದಲ ಹಣ್ಣು ಡಜನ್ನಿಗೆ ಸಾವಿರಾರು ರೂಪಾಯಿ, ಪೇಪರಿನಲ್ಲಿ ಸುದ್ದಿಯಾಗುತ್ತದೆ. ಆ ಸುದ್ದಿ ಓದಿ ಮಡಚಿಡಿ. ಏಪ್ರಿಲ್ ಕೊನೆಯ ವಾರದವರೆಗೆ ತಾಳಿಕೊಂಡರೆ ದರ ಇಳಿಯುತ್ತದೆ. ಎಲ್ಲ ಹಣ್ಣೂ ಒಂದೇ ಸಮ ಅರಿಶಿನ ಬಳಿದಂತಿದ್ದು ತೊಟ್ಟಿನ ಹತ್ತಿರ ಮೂಸಿದರೆ ವಾಸನೆ ಇಲ್ಲವೆಂದರೆ ಕಾರ್ಬೈಡ್ ಸಂಶಯಪಡಿ. ಅದರ ಬಳಕೆಗೆ ನಿಷೇಧವಿದೆ, ಆದರೂ ನಡೆಯುತ್ತದೆ. ಹುಲ್ಲಿನಲ್ಲಿ ಮಾಗಿದ್ದರಲ್ಲಿ ಒಂದು ಹಸಿರು, ಒಂದು ಹಳದಿ, ಒಂದಕ್ಕೆ ಸೊನೆಯ ಕಲೆ ಇದ್ದೇ ಇರುತ್ತದೆ. ಅಂಥ ಡಜನ್ ತಂದು ದಿನಕ್ಕೆ ಎರಡರಂತೆ ತಿನ್ನಲು ಅನುಕೂಲ.

ಮೇ ಕೊನೆಗೆ ಮೊದಲ ದೊಡ್ಡ ಮಳೆ ಬಿತ್ತೆಂದರೆ ನಿಲ್ಲಿಸಿ, ಹಣ್ಣಿನಲ್ಲಿ ಹುಳ ಶುರುವಾಗುತ್ತದೆ. ಹೋದ ವರ್ಷ ಮಳೆ ಬಿದ್ದ ಮರುದಿನ ನಾನು ಆಸೆ ತಡೆಯದೆ ಅದೇ ಮುದುಕಿಯ ಹತ್ತಿರ ಹೋಗಿ ಡಜನ್ ಕೇಳಿದೆ. ಅವಳು ಒಂದು ಹಣ್ಣು ಅಲ್ಲೇ ಚಾಕುವಿನಿಂದ ಸೀಳಿ, ಒಳಗಿನ ಬಿಳಿ ಹುಳ ತೋರಿಸಿ, ಬುಟ್ಟಿಯ ಮೇಲೆ ಗೋಣಿ ಎಳೆದುಕೊಂಡಳು. ಆಮೇಲೆ ಸೆರಗಿನ ಗಂಟಿನಿಂದ ಹಿಡಿ ಹಲಸಿನ ಬೀಜ ತೆಗೆದು ನನ್ನ ಚೀಲಕ್ಕೆ ಹಾಕಿದಳು. ತೈಕಿಳೊ ಮುಂದಿನ ವಾರ ಬರುತ್ತದಂತೆ.